ಕಂಕುಳಲ್ಲಿ ಕಂಡ ಗಂಟು

ಕ್ಷಯರೋಗ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗೀಗ ಬಳ್ಳಾರಿಯ ನಮ್ಮ ಮನೆಗೆ ಬರುತ್ತಾರೆ. ನಿವೃತ್ತಳಾದವಳಿಗೆ ಹೊತ್ತು ಹೋಗಲೆಂದು ಬರುತ್ತಾರೋ, ನಿಜವಾಗಿಯೂ ಏನಾದರೂ ಕೇಳಬೇಕೆಂದು ಬರುತ್ತಾರೋ ತಿಳಿಯದು. ಚಹಾ ಕುಡಿಯುತ್ತಾ ಒಬ್ಬಳಾದರೂ, "ಅಕ್ಕಾರ, ಈ ಕೆಲಸದಾಗ ಭಾಳ ತ್ರಾಸು ಯಾವುದ್ರಿ?" ಎನ್ನುತ್ತಾಳೆ. ನಾನು ಬಿಸಿಲು ಎನ್ನಬಹುದೆಂದು ಅವರು ಕಾಯುತ್ತಾರೆ. ಬಿಸಿಲು ರೂಢಿಯಾಗುತ್ತದೆ. ಕಂಡವರ ಮನೆ ಬಾಗಿಲಲ್ಲಿ ನಿಂತು ಕಫದ ಡಬ್ಬಿ ಕೊಟ್ಟು, "ಬೆಳಗ್ಗೆ ಎದ್ದ ಕೂಡಲೇ ಆಳದಿಂದ ಕೆಮ್ಮಿ ಇದರಾಗ ಉಗುಳ್ರಿ" ಎನ್ನುವುದೂ ರೂಢಿಯಾಗುತ್ತದೆ. ರೂಢಿಯಾಗದೆ ಉಳಿದದ್ದು ಒಂದು ಪ್ರಶ್ನೆ. ರೋಗ ಇದೆಯೆಂದು ತಿಳಿಸಿದ ಮೇಲೆ ಜನ ಅದನ್ನೇ ಕೇಳುತ್ತಾರೆ: "ಮನಿಯಾಗ ಇಷ್ಟು ಮಂದಿ ಅದಾರ. ನನಗ ಯಾಕ ಬಂತ್ರಿ?"

ನಮಗೆ ಕಲಿಸಿಕೊಟ್ಟ ಉತ್ತರ ಇತ್ತು. ಅರೆಹೊಟ್ಟೆ, ಬೀಡಿ, ಗಾಳಿಯಾಡದ ಕೋಣೆ, ಸಕ್ಕರೆ ಕಾಯಿಲೆ, ಕುಡಿತ. ಇದು ಸುಳ್ಳಲ್ಲ. ನಾನು ನೋಡಿದ ಹೆಚ್ಚಿನ ರೋಗಿಗಳ ಮನೆಯಲ್ಲಿ ಇವುಗಳಲ್ಲಿ ಒಂದಾದರೂ ಇರುತ್ತಿತ್ತು. ಆದರೆ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಒಬ್ಬ ಹಮಾಲಿ ಮುದುಕ ಇದ್ದ. ಒಣಕಲು ಮೈ, ಬಾಯಲ್ಲಿ ಸದಾ ಬೀಡಿ. ಅವನ ಹೆಂಡತಿ ವರ್ಷಗಟ್ಟಲೆ ಔಷಧಿ ಅರ್ಧಕ್ಕೆ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು ಅದೇ ಒಂದು ಕೋಣೆಯಲ್ಲಿ ಕೆಮ್ಮಿದಳು. ಅವಳು ತೀರಿಕೊಂಡಳು. ಅವನಿಗೆ ರೋಗ ಬರಲಿಲ್ಲ. ಕೈಗೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಕ್ರಿಮಿ ಅವನ ಮೈಯನ್ನು ಸೋಕಿದ ಗುರುತೂ ಕಾಣಲಿಲ್ಲ. "ನನ್ನ ಮುಟ್ಟಲಿಲ್ಲ ನೋಡ್ರಿ ಅದು. ಆಕಿನ್ನ ಬಿಟ್ಟು ನನ್ನ ಒಯ್ದಿದ್ರ ಆಗ್ತಿತ್ತು" ಎಂದು ಅವನು ಅತ್ತದ್ದು ನೆನಪಿದೆ. ನಮ್ಮ ಪಟ್ಟಿಯ ಎಷ್ಟೋ ಕಾರಣಗಳು ಅವನಲ್ಲಿದ್ದವು, ರೋಗ ಮಾತ್ರ ಇರಲಿಲ್ಲ.

ಆಗ ನಮ್ಮ ಮೇಲಿನವರು ಡಾಕ್ಟರ್ ಪ್ರಹ್ಲಾದ್. ಶಿಸ್ತಿನ ಮನುಷ್ಯ. ಕಫದ ಡಬ್ಬಿಯಲ್ಲಿ ಬರೀ ಎಂಜಲು ಬಂದಿದ್ದರೆ ಅದನ್ನು ತಂದವರನ್ನೇ ಮತ್ತೆ ಆ ಊರಿಗೆ ಓಡಿಸುತ್ತಿದ್ದರು. ನಾನೂ ಓಡಿದ್ದೇನೆ. ಹಮಾಲಿ ಮುದುಕನ ವಿಷಯ ಹೇಳಿದಾಗ ಅವರು, "ಕೆಲವರ ಮೈ ಹಂಗ ಇರ್ತದ ಗಿರಿಜಮ್ಮ. ಯಾಕ ಅಂತ ನನಗೂ ತಿಳೀದು. ರೋಗ ಬಂದವರನ್ನ ನೋಡೋಣ ನಡೀರಿ" ಎಂದರು. ಕೈತುಂಬ ಕೆಲಸವಿದ್ದ ಕಾಲ ಅದು. ರೋಗ ಬಾರದವರ ಬಗ್ಗೆ ಯೋಚಿಸಲು ಯಾರಿಗೆ ಬಿಡುವಿತ್ತು?

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ. ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಲ್ಲಿ ಹೊನ್ನೂರಸಾಬ್ ಎಂಬ ಪಿಂಜಾರ ಇದ್ದ. ಅರಳೆ ಹಿಂಜಿ ಗಾದಿ, ದಿಂಬು ಹೊಲಿಯುವುದು ಅವನ ಮನೆತನದ ಕಸುಬು. ಮದುವೆಯ ಕಾಲದಲ್ಲಿ ಸುತ್ತಲಿನ ಹಳ್ಳಿಯವರು ಗಾದಿಗೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನು ಅರಳೆ ಹಿಂಜುವ ಬಿಲ್ಲು ಮೀಟಿದರೆ ಹತ್ತಿ ಹೊಗೆಯಂತೆ ಏಳುತ್ತಿತ್ತು. ಹೆಂಡತಿ ಮಾಬಮ್ಮ ಅವನ ಸೋದರಮಾವನ ಮಗಳು, ಕುರುಗೋಡಿನವಳು. ಅಂದರೆ ಅವನ ತಾಯಿ ಖಾಸಿಂಬಿ, ತನ್ನ ಅಣ್ಣನ ಮಗಳನ್ನೇ ಸೊಸೆಯಾಗಿ ತಂದುಕೊಂಡಿದ್ದಳು. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಕಡೆ ಎಲ್ಲ ಜಾತಿಯಲ್ಲೂ ಸಂಬಂಧದೊಳಗೇ ಕೊಟ್ಟು ತರುತ್ತಾರೆ. ಲಿಂಗಾಯತಳಾದ ನಾನು ಕೈಹಿಡಿದದ್ದು ನನ್ನ ತಾಯಿಯ ತಮ್ಮನನ್ನು.

ಅವರ ಮೊದಲ ಮಗು ರಜಿಯಾ. ಹುಟ್ಟಿದಾಗ ಎಲ್ಲ ಕೂಸುಗಳಿಗೆ ಹಾಕುವಂತೆ ಅದರ ಎಡತೋಳಿಗೆ ಕ್ಷಯದ ಲಸಿಕೆ ಹಾಕಿದ್ದರು. ಕೆಲವು ವಾರಗಳಲ್ಲಿ ಎಡಗಂಕುಳಲ್ಲಿ ಒಂದು ಗಂಟು ಕಂಡಿತು. ಊರಿನ ನರ್ಸಮ್ಮ, "ಕೆಲವು ಕೂಸಿಗೆ ಹಿಂಗ ಆಗ್ತೈತಿ, ತಾನ ಇಳಿತೈತಿ" ಎಂದಳು. ಅವಳು ಹೇಳಿದ್ದು ಸರಿಯೇ ಇತ್ತು. ನೂರಾರು ಕೂಸುಗಳಲ್ಲಿ ನಾನು ಅಂಥ ಗಂಟು ತಾನಾಗಿ ಇಳಿದದ್ದನ್ನು ನೋಡಿದ್ದೇನೆ. ರಜಿಯಾಳದು ಇಳಿಯಲಿಲ್ಲ. ಒಡೆಯಿತು, ಸೋರಿತು, ಮಾಯಲಿಲ್ಲ. ಕುತ್ತಿಗೆಗೂ ಗಂಟು ಬಂತು. ಜ್ವರ ಬಿಡದಾಯಿತು. ನಾನು ಮೊದಲ ಸಲ ಆ ಮನೆಗೆ ಹೋದಾಗ ಕೂಸು ತಾಯಿಯ ತೊಡೆಯ ಮೇಲೆ ಒಗೆದ ಅರಿವೆಯ ಹಾಗೆ ಬಿದ್ದಿತ್ತು.

ಡಾಕ್ಟರ್ ಪ್ರಹ್ಲಾದ್ ತಾವೇ ಹಚ್ಚೊಳ್ಳಿಗೆ ಬಂದರು. ಮನೆಯಲ್ಲಿ ಯಾರಾದರೂ ದೊಡ್ಡವರಿಗೆ ರೋಗವಿರಬೇಕು, ಕೂಸಿಗೆ ಅವರಿಂದ ಹತ್ತಿರಬೇಕು ಎಂಬುದು ಅವರ ಲೆಕ್ಕ. ಮನೆಯವರೆಲ್ಲರ ಕಫ ನೋಡಿದೆವು, ಎಕ್ಸ್‌ರೇ ತೆಗೆಸಿದೆವು. ಯಾರಿಗೂ ಏನೂ ಇರಲಿಲ್ಲ. ಡಾಕ್ಟರು ಪಡಸಾಲೆಯಲ್ಲಿ ನಿಂತು ಮೇಲೆ ನೋಡಿದರು. ಜಂತೆಯ ಮೇಲೆ, ಗೂಡಿನಲ್ಲಿ, ತೊಟ್ಟಿಲ ಹಗ್ಗದ ಮೇಲೆ ಎಲ್ಲ ಕಡೆ ಅರಳೆಯ ಧೂಳು ಕೂತಿತ್ತು.

"ಈ ಧೂಳಿನಾಗ ಕೂಸು ಹೆಂಗ ಉಸಿರಾಡಬೇಕು? ಮೊದಲು ಈ ಕಸುಬು ಬಿಡು" ಎಂದರು.

"ಸಾಹೇಬ್ರ, ನಾನೂ ಇದ ಧೂಳಿನಾಗ ಬೆಳದೀನ್ರಿ" ಎಂದ ಹೊನ್ನೂರಸಾಬ್.

"ನಿನ್ನ ಮೈ ತಡಕೊಂಡೈತಿ. ಇದು ತಡಕೋತಿಲ್ಲ."

ಆ ಮಾತಿನ ಎರಡನೇ ಅರ್ಧ ಎಷ್ಟು ನಿಜವೆಂದು ಆಗ ಹೇಳಿದವರಿಗೂ ತಿಳಿದಿರಲಿಲ್ಲ, ಕೇಳಿದವರಿಗೂ ತಿಳಿದಿರಲಿಲ್ಲ. ರಜಿಯಾ ಗೋಡೆ ಹಿಡಿದು ನಿಲ್ಲುವ ವಯಸ್ಸಿಗೆ ಮೊದಲೇ ತೀರಿಕೊಂಡಿತು. ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ ಹೊನ್ನೂರಸಾಬ್ ಬಿಲ್ಲನ್ನು ಆದವಾನಿಯ ಕಡೆಯ ಒಬ್ಬರಿಗೆ ಕೊಟ್ಟುಬಿಟ್ಟು, ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರರೊಬ್ಬರ ಕೈಕೆಳಗೆ ಕೂಲಿಗೆ ಸೇರಿದ. ಬೂದಿಯನ್ನು ಲಾರಿಗೆ ತುಂಬುವ ಕೆಲಸ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ.

ಇತ್ತ ಖಾಸಿಂಬಿ ಬೇರೆಯೇ ತೀರ್ಮಾನಕ್ಕೆ ಬಂದಿದ್ದಳು. "ಧೂಳಲ್ಲ, ಏನಲ್ಲ. ಆ ಸೂಜಿ ನನ್ನ ಮೊಮ್ಮಗಳನ್ನ ತಿಂತು. ಇನ್ನ ನಮ್ಮ ಮನಿ ಕೂಸಿಗೆ ಸೂಜಿ ಅಂತ ಯಾರಾದ್ರು ಬಂದ್ರ ನೋಡ್ರಿ ಮತ್ತ" ಎಂದು ನನ್ನೆದುರೇ ಹೇಳಿದಳು. ಈ ಲಸಿಕೆ ಲಕ್ಷಾಂತರ ಮಕ್ಕಳನ್ನು ಮೆದುಳಿನ ಕ್ಷಯದಿಂದ ಉಳಿಸಿದೆ, ಅದರಿಂದ ಸಾವು ಬರುವುದಿಲ್ಲ ಎಂದು ನಾನು ವಾದಿಸಿದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಲಕ್ಷಾಂತರ ಮಕ್ಕಳ ಬಗ್ಗೆ ನನ್ನ ಮಾತು ಸರಿ ಇತ್ತು. ಅವಳ ಒಬ್ಬಳು ಮೊಮ್ಮಗಳ ಬಗ್ಗೆ ಅವಳ ಮಾತೂ ತೀರ ಸುಳ್ಳಾಗಿರಲಿಲ್ಲ.

ಮೂರು ನಾಲ್ಕು ವರ್ಷದ ಮೇಲೆ ಬಾನು ಹುಟ್ಟಿದಳು. ಹೆರಿಗೆ ಕುರುಗೋಡಿನ ತವರುಮನೆಯಲ್ಲೇ ಆಯಿತು. ಅತ್ತೆಯ ಮಾತು ಮೀರದೆ ಮಾಬಮ್ಮ ಲಸಿಕೆ ಹಾಕಿಸಲಿಲ್ಲ. ಕೂಸು ಗುಂಡುಗುಂಡಾಗಿ ಬೆಳೆಯಿತು. ಹಚ್ಚೊಳ್ಳಿಗೆ ವಾಪಸು ಬಂದ ಕೆಲ ತಿಂಗಳಿಗೆ ಖಾಸಿಂಬಿಯ ಕಣ್ಣಿಗೆ ಬಾನುವಿನ ಎಡತೋಳಿನ ಮೇಲೆ ಒಂದು ಸಣ್ಣ ಗುಳ್ಳೆ ಬಿತ್ತು. ಲಸಿಕೆ ಹಾಕಿದ ಜಾಗದಲ್ಲಿ ಏಳುವ ಗುಳ್ಳೆ ಅದು, ಮುಂದೆ ಕಲೆಯಾಗಿ ಉಳಿಯುವಂಥದ್ದು. ಕಂಕುಳು ಮುಟ್ಟಿ ನೋಡಿದಳು. ಅಲ್ಲಿ ಗಂಟು ಇತ್ತು.

ಆ ದಿನ ನಾನು ಅದೇ ಊರಿನಲ್ಲಿದ್ದೆ. ಕೂಗಾಟ ಕೇಳಿ ಹೋದೆ. ಖಾಸಿಂಬಿ ಎದೆ ಬಡಿದುಕೊಳ್ಳುತ್ತಿದ್ದಳು. "ತವರುಮನಿಯಾಗ ಕದ್ದು ಸೂಜಿ ಹಾಕಿಸ್ಯಾಳ! ಒಂದು ಕೂಸು ನುಂಗಿದ್ದು ಸಾಲದಾತೇನು ನಿನಗ?" ಮಾಬಮ್ಮ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ನಾನಲ್ಲ ಎಂದು ಒಂದೇ ಸಲ ಹೇಳಿದಳು. ಹೊನ್ನೂರಸಾಬ್ ಹೊಸ್ತಿಲ ಮೇಲೆ ಕೂತು ನೆಲ ನೋಡುತ್ತಿದ್ದ. ತಾಯಿಯನ್ನು ಸುಮ್ಮನಿರಿಸಲಿಲ್ಲ, ಹೆಂಡತಿಯ ಪರವಾಗಿ ಮಾತಾಡಲಿಲ್ಲ.

ಆ ವಾರವೇ ಮಾಬಮ್ಮ ಕೂಸಿನೊಂದಿಗೆ ಕುರುಗೋಡಿಗೆ ಹೋದಳು. ಕಳಿಸಿದರೆಂದೂ ಹೇಳಬಹುದು, ಹೋದಳೆಂದೂ ಹೇಳಬಹುದು. ಮತ್ತೆ ವರ್ಷಗಟ್ಟಲೆ ಹಚ್ಚೊಳ್ಳಿಯ ಹೊಸ್ತಿಲು ತುಳಿಯಲಿಲ್ಲ. ಕುಡತಿನಿಯಿಂದ ಕುರುಗೋಡು ಬಹಳ ದೂರವಲ್ಲ. ಹೊನ್ನೂರಸಾಬ್ ರಜೆಯ ದಿನ ಬಂದು ಮಗಳಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಹೊರಗಿನ ಕಟ್ಟೆಯ ಮೇಲೆ ಒಂದಷ್ಟು ಹೊತ್ತು ಕೂತು ಹೋಗುತ್ತಿದ್ದ. ಗಂಡ ಹೆಂಡತಿ ಜಗಳವಾಡಲಿಲ್ಲ. ಮಾತೂ ಆಡಲಿಲ್ಲ.

ಬಾನು ಸಾಯಲಿಲ್ಲ. ನಾವು ಬೇಗ ಔಷಧಿ ಶುರು ಮಾಡಿದೆವು, ಗಂಟು ಒಣಗಿತು. ನಾವೆಲ್ಲ ಹಿಗ್ಗಿದೆವು. ವರ್ಷ ಕಳೆಯುವಷ್ಟರಲ್ಲಿ ಕುತ್ತಿಗೆಯಲ್ಲಿ ಮತ್ತೊಂದು ಎದ್ದಿತು. ಅದು ವಾಸಿಯಾದ ಮೇಲೆ ಹೊಟ್ಟೆಯ ಜ್ವರ, ವಿಷಮಶೀತದಂಥದ್ದು, ಬಂದುಬಂದು ಹೋಯಿತು. ಆ ಹುಡುಗಿಯ ಬಾಲ್ಯವೇ ಹೀಗೆ ಸಾಗಿತು. ನಮ್ಮ ಕೆಲಸದ ರೀತಿ ಆ ವರ್ಷಗಳಲ್ಲೇ ಬದಲಾಯಿತು. ಸೂಕ್ಷ್ಮದರ್ಶಕದಲ್ಲಿ ಕೆಂಪು ಕಡ್ಡಿಗಳಂಥ ಕ್ರಿಮಿಯನ್ನು ಹುಡುಕುತ್ತಿದ್ದ ಜಾಗಕ್ಕೆ ಯಂತ್ರ ಬಂತು. ಕಫ ಇಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ಕ್ರಿಮಿ ಇದೆಯೋ ಇಲ್ಲವೋ, ಯಾವ ಔಷಧಿಗೆ ಬಗ್ಗುವುದಿಲ್ಲ ಎಂಬುದನ್ನೂ ಹೇಳುತ್ತದೆ. ದಿನ ಬಿಟ್ಟು ದಿನ ನಮ್ಮೆದುರು ನುಂಗಿಸುತ್ತಿದ್ದ ಮಾತ್ರೆಗಳು ಹೋಗಿ, ತೂಕಕ್ಕೆ ತಕ್ಕಂತೆ ದಿನವೂ ನುಂಗುವ ಮಾತ್ರೆ ಬಂದವು. ಹೀಗೆ ಕ್ರಿಮಿಯ ಬಗ್ಗೆ ನಮಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ತಿಳಿಯುತ್ತ ಹೋಯಿತು. ಕ್ರಿಮಿ ಹೊಕ್ಕ ಮೈಯ ಬಗ್ಗೆ ನಾವು ಹೊಸದಾಗಿ ಕಲಿತದ್ದೇನೂ ಇರಲಿಲ್ಲ.

ಬಾನು ಮಾತಿನಲ್ಲಿ ಜೋರು. ನಾನು ಹೋದ ಕೂಡಲೇ, "ಬಂದ್ರಾ ಗಿರಿಜಕ್ಕ? ಇವತ್ತು ಯಾವ ಬಣ್ಣದ ಗುಳಿಗಿ?" ಎನ್ನುತ್ತಿದ್ದಳು. ಔಷಧಿಯಿಂದ ಮೂತ್ರ ಕೆಂಪಗೆ ಹೋಗುವುದನ್ನು ಗೆಳತಿಯರಿಗೆ ಬಣ್ಣಿಸಿ ನಗಿಸುತ್ತಿದ್ದಳಂತೆ. ಶಾಲೆ ತಪ್ಪಿದ ದಿನಗಳೇ ಹೆಚ್ಚು. ಆದರೂ ಹೇಗೋ ಓದಿಕೊಳ್ಳುತ್ತಿದ್ದಳು.

ಅವಳು ಏಳನೇ ತರಗತಿಯಲ್ಲಿದ್ದಾಗ ಬಳ್ಳಾರಿಗೆ ಡಾಕ್ಟರ್ ನಂದಿನಿ ಬಂದರು. ಕೌಲ್ ಬಜಾರಿನಲ್ಲಿ ಹುಟ್ಟಿ ಬೆಳೆದ ಹುಡುಗಿ, ಹೊರಗೆ ಓದಿ ಮಕ್ಕಳ ವೈದ್ಯೆಯಾಗಿ ತಿರುಗಿ ಬಂದಿದ್ದರು. ಬಾನುವನ್ನು ಕರೆದುಕೊಂಡು ಹೋದಾಗ ಅವರು ಎದೆಗೆ ಸ್ಟೆತೊಸ್ಕೋಪ್ ಇಡುವ ಮೊದಲೇ ಮಾಬಮ್ಮನನ್ನು, "ನಿಮಗೂ ನಿಮ್ಮ ಮನೆಯವರಿಗೂ ಮೊದಲಿನಿಂದ ಏನಾದ್ರು ಸಂಬಂಧ ಐತೇನ್ರಿ?" ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ರಜಿಯಾಳ ಕಥೆ ಕೇಳಿದರು. ಯಾವ ತೋಳಿಗೆ ಲಸಿಕೆ, ಯಾವ ಕಂಕುಳಲ್ಲಿ ಗಂಟು ಎಂದು ವಿಚಾರಿಸಿದರು. ಆಮೇಲೆ ನನ್ನನ್ನು ಬದಿಗೆ ಕರೆದು ಹೇಳಿದರು: "ಅಕ್ಕಾ, ಇದು ಹೊರಗಿಂದ ಬಂದ ರೋಗ ಅಷ್ಟ ಅಲ್ಲ. ತಂದೆ ತಾಯಿ ಇಬ್ಬರದೂ ರಕ್ತ ಬೇಕು. ಇಬ್ಬರನ್ನೂ ಕರಕೊಂಡು ಬರ್ರಿ."

ಕರೆತರುವುದು ಸುಲಭವಿರಲಿಲ್ಲ. ಹೊನ್ನೂರಸಾಬ್ ಎರಡು ಸಲ ಬರುತ್ತೇನೆಂದು ಹೇಳಿ ಬರಲಿಲ್ಲ. ಮೂರನೇ ಸಲ ನಾನೇ ಕುಡತಿನಿಗೆ ಹೋಗಿ, ಬೂದಿ ಮೆತ್ತಿದ ಬಟ್ಟೆಯಲ್ಲೇ ಅವನನ್ನು ಬಸ್ಸಿಗೆ ಹತ್ತಿಸಿದೆ. ರಕ್ತ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಯಿತು. ಉತ್ತರ ಬರಲು ಎಷ್ಟೋ ತಿಂಗಳಾದವು. ಬಂದಾಗ ಡಾಕ್ಟರ್ ನಂದಿನಿ ಇಬ್ಬರನ್ನೂ ಎದುರು ಕೂರಿಸಿಕೊಂಡರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾನು ಹೊರಗೆ ಬೆಂಚಿನ ಮೇಲೆ ಮಲಗಿದ್ದಳು.

"ನಮ್ಮ ಮೈಯಾಗ ಈ ಕ್ರಿಮಿನ ನುಂಗೋ ಕಣ ಇರ್ತಾವ" ಎಂದು ಶುರು ಮಾಡಿದರು. "ನುಂಗಿದ್ರ ಸಾಲದು, ಒಳಗ ಕೊಲ್ಲಬೇಕು. ಅದಕ್ಕ ಆ ಕಣ ಇನ್ನೊಂದು ಕಣಕ್ಕ ಕೂಗಿ ಹೇಳ್ತೈತಿ. ಆ ಇನ್ನೊಂದು ಕಣ ಕೇಳಿಸಿಕೊಂಡು 'ಕೊಲ್ಲು' ಅಂತ ಅಪ್ಪಣಿ ಕಳಿಸ್ತೈತಿ. ಬಾನು ಮೈಯಾಗ ಕೂಗೋ ಕಣ ಐತಿ. ಕೇಳೋ ಕಣಕ್ಕ ಕಿವಿ ಇಲ್ಲ. ಅದಕ್ಕ ಎಲ್ಲಾ ಕೂಸಿಗೂ ಒಳ್ಳೇದು ಮಾಡೋ ಲಸಿಕಿನೂ ಈಕಿಗೆ ಭಾರ ಆತು. ಲಸಿಕಿಯೊಳಗ ಇರೋದು ಸತ್ವ ತೆಗೆದ ಜೀವಂತ ಕ್ರಿಮಿ. ಅದನ್ನೂ ಈ ಮೈ ಕೊಲ್ಲಲಾರದು."

"ಧೂಳಿಂದ ಅಲ್ಲೇನ್ರಿ?" ಎಂದ ಹೊನ್ನೂರಸಾಬ್.

"ಧೂಳಿಗೂ ಇದಕ್ಕೂ ಸಂಬಂಧ ಇಲ್ಲ."

ಅವನು ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡ.

"ಈ ಕಿವಿ ಹೆಂಗ ಮಾಡಬೇಕು ಅನ್ನೋ ಬರಹ ಪ್ರತಿಯೊಬ್ಬರೊಳಗೂ ಎರಡು ಇರ್ತಾವ. ಅಪ್ಪನಿಂದ ಒಂದು, ಅವ್ವನಿಂದ ಒಂದು. ಒಂದು ಕೆಟ್ಟಿದ್ರ ಇನ್ನೊಂದು ನಡಿಸ್ಕೊಂಡು ಹೋಗ್ತೈತಿ. ನಿಮ್ಮಿಬ್ಬರಿಗೂ ಒಂದು ಸರಿ, ಒಂದು ಕೆಟ್ಟದ್ದು. ಅದಕ್ಕ ನೀವು ಗಟ್ಟಿ ಅದೀರಿ. ಬಾನುಗ ನಿಮ್ಮಿಬ್ಬರ ಕೆಟ್ಟದ್ದು ಎರಡೂ ಕೂಡಿ ಬಂದಾವ. ರಜಿಯಾಗೂ ಹಂಗ ಆಗಿರಬೇಕು. ನೀವು ಬೇಕಂತ ಕೊಟ್ಟಿಲ್ಲ. ಇದರಾಗ ಯಾರ ತಪ್ಪೂ ಇಲ್ಲ."

ಮಾಬಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಅಂದ್ರ, ಅರ್ಧ ಅವರದೂ ಐತೇನ್ರಿ?" ಎಂದಳು.

"ಹೌದವ್ವಾ, ಸಮ ಅರ್ಧ."

ಅವಳು ಅಳತೊಡಗಿದಳು. ನಾನು ಅವಳನ್ನು ಅದಕ್ಕೂ ಮೊದಲು ಅಳುತ್ತಾ ಕಂಡಿರಲಿಲ್ಲ, ರಜಿಯಾ ಹೋದಾಗಲೂ. ಆಗ ಹೊನ್ನೂರಸಾಬ್ ಡಾಕ್ಟರ ಕಡೆ ತಿರುಗದೆ, ಹೆಂಡತಿಯ ಕಡೆಯೂ ತಿರುಗದೆ ಗೋಡೆಗೆ ಹೇಳುವವನಂತೆ ಹೇಳಿದ: "ಸೂಜಿ ಹಾಕಿಸಿದಾವ ನಾನು. ಅವ್ವ ಬ್ಯಾಡ ಅಂದಿದ್ಲು. ಮೊದಲನೇದು ಹೋಗೈತಿ, ಇದನ್ನಾರ ರೋಗ ಬರದಂಗ ಉಳಿಸ್ಕೊಳ್ಳೋಣ ಅಂತ, ಬಟ್ಟಿ ತರ್ತೀನಂತ ಹೇಳಿ ಗಾಡಿ ಮ್ಯಾಲ ಕೂಸಿನ್ನ ಸಿರುಗುಪ್ಪಕ್ಕ ಒಯ್ದೆ."

"ನನಗ ಗೊತ್ತಿತ್ತು" ಎಂದಳು ಮಾಬಮ್ಮ.

ಅವನು ಆಗ ತಿರುಗಿದ.

"ಸಂಜಿಗೆ ತಂದು ಮಲಗಿಸಿದಾಗ ಕೂಸಿನ ತೋಳು ನೀವ ಒರೆಸಿದ್ರಿ. ಯಾವತ್ತೂ ಒರೆಸಿದವರಲ್ಲ. ಆವಾಗ ಗೊತ್ತಾತು."

"ಮತ್ತ ಅವ್ವ ಅಷ್ಟೊಂದು ಅಂದಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಆಕಿ ನಿಮ್ಮ ಮುಖ ನೋಡ್ತಿದ್ದಿಲ್ಲ. ನೀವ ಹೇಳ್ತೀರಂತ ಕಾದೆ."

ಹತ್ತು ಹನ್ನೆರಡು ವರ್ಷ ಕಾದಿದ್ದಳು. ಡಾಕ್ಟರ್ ನಂದಿನಿ ಮೇಜಿನ ಮೇಲಿನ ಪೆನ್ನನ್ನು ಸುಮ್ಮನೆ ಆಚೀಚೆ ಸರಿಸಿದರು. ನಮ್ಮ ವೃತ್ತಿಯಲ್ಲಿ ಉತ್ತರ ತಡವಾಗಿ ಬಂದರೆ ರೋಗಿ ಮಾತ್ರ ಕೆಡುತ್ತಾನೆಂದು ನಾನು ತಿಳಿದಿದ್ದೆ. ಅಲ್ಲಿ ನಿಂತಿದ್ದಾಗ ಹಾಗಲ್ಲವೆಂದು ಗೊತ್ತಾಯಿತು.

ಹೊರಡುವ ಮುಂಚೆ ಡಾಕ್ಟರ್ ಒಂದು ಮಾತು ಸೇರಿಸಿದರು. ಆ ಕೆಟ್ಟ ಬರಹ ಖಾಸಿಂಬಿ ಮತ್ತು ಅವಳ ಅಣ್ಣನ ಮನೆತನದಿಂದಲೇ ಎರಡೂ ಕಡೆ ಇಳಿದು ಬಂದಿರಬೇಕು, ತಾಯಿಯಿಂದ ಹೊನ್ನೂರಸಾಬನಿಗೆ, ತಂದೆಯಿಂದ ಮಾಬಮ್ಮನಿಗೆ ಎಂದರು. ಕಾರಿಡಾರಿನಲ್ಲಿ ಮಾಬಮ್ಮ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಅತ್ತಿ ಕಡೆಯಿಂದ ಬಂತು ಅನ್ನೋದು ಅತ್ತಿಗೆ ಹೇಳಬ್ಯಾಡ್ರಿ. ವಯಸ್ಸಾಗೈತಿ. ತಡಕೊಳ್ಳಂಗಿಲ್ಲ." ನಾನು ಹೇಳಲಿಲ್ಲ. ಖಾಸಿಂಬಿ ಮುಂದೆ ಸೊಸೆಯ ಕೈಯಲ್ಲೇ ಗಂಜಿ ಕುಡಿದು ತೀರಿಕೊಂಡಳು, ಲಸಿಕೆಯನ್ನು ಕೊನೆಯವರೆಗೂ ಬೈಯುತ್ತಾ.

ಈ ಸುದ್ದಿಯನ್ನು ನಿವೃತ್ತರಾಗಿದ್ದ ಡಾಕ್ಟರ್ ಪ್ರಹ್ಲಾದರಿಗೆ ನಾನೇ ಹೋಗಿ ತಿಳಿಸಿದೆ. ತಿಳಿಸಬೇಕಿರಲಿಲ್ಲವೇನೋ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವನ ಕಸುಬು ಬಿಡಿಸಿದ್ದು ನಾನು. ಈಗ ಏನು ಮಾಡ್ತಾನ ಆತ?"

"ಕುಡತಿನ್ಯಾಗ ಬೂದಿ ತುಂಬತಾನ್ರಿ."

"ಅರಳಿ ಧೂಳು ಬ್ಯಾಡಂತ ಬೂದಿಗೆ ಕಳಿಸಿದಂಗಾತು" ಎಂದರು. ಆಗ ಗೊತ್ತಿದ್ದದ್ದು ಅಷ್ಟೇ ಅಲ್ಲವೇ ಸರ್ ಎಂದು ನಾನು ಸಮಾಧಾನ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಗೊತ್ತಿಲ್ಲ ಅಂತ ಅನ್ನಬೇಕಾಗಿತ್ತು ಗಿರಿಜಮ್ಮ. ಆ ಮನುಷ್ಯ ಕೇಳಿದ್ದು ಉತ್ತರ. ನನ್ನ ಹತ್ರ ಇರಲಿಲ್ಲ. ಆದರೂ ಕೊಟ್ಟೆ." ಹೊಸದಾಗಿ ಬರುವವರಿಗೆ ನನ್ನ ಮೇಲಿನವರು ಬಿಟ್ಟು ಹೋದ ಪಾಠ ಇದು, ನನ್ನದಲ್ಲ.

ಮಾಬಮ್ಮ ಗಂಡನೊಂದಿಗೆ ಹಚ್ಚೊಳ್ಳಿಗೆ ಮರಳಿದಳು. ಬಾನುವಿಗೆ ಬೇರೆ ಬಗೆಯ ಇಂಜೆಕ್ಷನ್ ಶುರುವಾಯಿತು. ಮೈ ತಾನಾಗಿ ಕಳಿಸಲಾರದ ಆ 'ಕೊಲ್ಲು' ಎಂಬ ಅಪ್ಪಣೆಯನ್ನೇ ಔಷಧಿಯಾಗಿ ಕೊಡುವಂಥದ್ದು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಕೆಲವೇ ವಾರಗಳಲ್ಲಿ ಹುಡುಗಿಗೆ ಹಸಿವು ಬಂತು. ಕೆನ್ನೆ ತುಂಬಿತು. ಅವಳು ನಡೆದು ಶಾಲೆಗೆ ಹೋದ ದಿನ ಹೊನ್ನೂರಸಾಬ್ ಕುಡತಿನಿಯಿಂದ ನನಗೆ ಫೋನು ಮಾಡಿ, ಏನು ಹೇಳಬೇಕೆಂದು ತೋಚದೆ, "ಊಟ ಆತೇನ್ರಿ ಅಕ್ಕಾರ?" ಎಂದು ಕೇಳಿ ಇಟ್ಟುಬಿಟ್ಟ.

ಮರುವರ್ಷ ಒಬ್ಬ ಮಗ ಹುಟ್ಟಿದ. ಮೌಲಾ ಎಂದು ಹೆಸರಿಟ್ಟರು. ಡಾಕ್ಟರ್ ನಂದಿನಿ ಅವನ ಲಸಿಕೆಯನ್ನು ತಡೆದು ಮೊದಲು ರಕ್ತ ಕಳಿಸಿದರು. ಅವನಿಗೆ ತಂದೆತಾಯಿಯ ಹಾಗೆ ಒಂದು ಸರಿ, ಒಂದು ಕೆಟ್ಟದ್ದು. ಏನೂ ಭಯವಿಲ್ಲ, ಲಸಿಕೆ ಹಾಕಿಸಬಹುದು ಎಂದರು. ಮಾಬಮ್ಮನಿಗೆ ಧೈರ್ಯ ಬರಲಿಲ್ಲ. ನರ್ಸಮ್ಮ ಸೂಜಿ ಹಿಡಿದು ಕಾಯುತ್ತಿದ್ದಾಗ ಬಾನು ಎದ್ದು ಬಂದು ತಮ್ಮನನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡಳು. "ಹಾಕ್ರಿ ಅಕ್ಕಾ. ಇವಗ ಕಿವಿ ಐತಂತ. ನನಗ ಇಲ್ಲ ಅಷ್ಟ" ಎಂದಳು. ಅವನ ತೋಳು ಹಿಡಿದುಕೊಂಡವಳು ಅವಳೇ.

ಆ ಮಳೆಗಾಲದಲ್ಲಿ ಬಾನು ಹೋದಳು. ಕ್ಷಯದಿಂದಲ್ಲ. ಅದೇ ಹಳೆಯ ಹೊಟ್ಟೆಯ ಜ್ವರ. ಅವಳಂಥವರಿಗೆ ಆ ಕ್ರಿಮಿಯೂ ಬಿಡದೆ ಕಾಡುತ್ತದೆಂದು ಡಾಕ್ಟರ್ ಮೊದಲೇ ಎಚ್ಚರಿಸಿದ್ದರು. ನೀರು ಕುದಿಸಿಯೇ ಕೊಡುತ್ತಿದ್ದರು. ಎಲ್ಲಿಂದ ಬಂತೋ ತಿಳಿಯಲಿಲ್ಲ. ವರ್ಷಗಟ್ಟಲೆ ಸವೆದ ಮೈಗೆ ಈ ಸಲ ಏಳಲಾಗಲಿಲ್ಲ. ಆ ಇಂಜೆಕ್ಷನ್ ಅವಳಿಗೆ ಐದನೇ ವರ್ಷದಲ್ಲೇ ಸಿಕ್ಕಿದ್ದರೆ ಎಂದು ಡಾಕ್ಟರ್ ನಂದಿನಿ ಮಾತು ಆರಂಭಿಸಿ, ಮುಗಿಸದೆ ಬಿಟ್ಟರು. ನಾನು ಹಲವು ಸಾವು ನೋಡಿದ್ದೇನೆ. ಆದರೆ ಆ ಹೆಣ್ಣುಮಗಳ ಕಾಯಿಲೆಯ ಹೆಸರು ಗೊತ್ತಾದ ಮೇಲೆ ನಾನು ಗೆದ್ದೆವೆಂದು ನಂಬಿಬಿಟ್ಟಿದ್ದೆ.

ಬಾನು ತೀರಿಕೊಂಡ ಮರುವರ್ಷ ನಾನು ನಿವೃತ್ತಳಾದೆ. ಆಮೇಲೆ ಒಂದು ದಿನ ಮಾಬಮ್ಮ ಬಳ್ಳಾರಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಅವಳ ತಂಗಿ ಶರೀಫಾಳನ್ನು ಹೊನ್ನೂರಸಾಬನ ತಮ್ಮನಿಗೇ ಕೊಟ್ಟಿದ್ದರು. ಮೋಕಾ ಎಂಬ ಊರಿನಲ್ಲಿ ಸಂಸಾರ. ಶರೀಫಾಗೆ ದಿನ ತುಂಬುತ್ತಿದ್ದವು. "ಅವರೂ ನಮ್ಮಂಗ ಅಲ್ಲೇನ್ರಿ? ಅದ ಅಣ್ಣ ತಮ್ಮ, ಅದ ಅಕ್ಕ ತಂಗಿ. ಹುಟ್ಟೋ ಕೂಸಿಗೆ ಲಸಿಕಿ ಹಾಕೋ ಮುಂಚೆ ರಕ್ತ ನೋಡಿಸ್ಬೇಕು. ನಾನು ಹೇಳಿದ್ರ ಕೇಳಂಗಿಲ್ಲ. ನೀವು ಬರ್ರಿ."

ಹೋದೆವು. ಶರೀಫಾ ಬಾಗಿಲಲ್ಲೇ ನಿಂತು ಮಾತಾಡಿದಳು. ಒಳಗೆ ಅವಳ ನಾದಿನಿಯನ್ನು, ಅಂದರೆ ಹೊನ್ನೂರಸಾಬನ ಕಿರಿಯ ತಂಗಿಯನ್ನು, ನೋಡಲು ಗಂಡಿನವರು ಬಂದಿದ್ದರು.

"ಅಕ್ಕಾ, ನಿನ್ನ ಮನಿ ಪೀಡಾ ಇಲ್ಲಿಗೆ ತರಬ್ಯಾಡ. ನಮ್ಮ ರಕ್ತದಾಗ ಅಂಥಾದ್ದೇನಿಲ್ಲ. ಈ ಸುದ್ದಿ ಹಬ್ಬಿದ್ರ ನಮ್ಮ ಹುಡುಗಿ ಕೈ ಹಿಡಿಯಾಕ ಯಾರು ಬರ್ತಾರ?"

"ರಕ್ತ ಒಂದ ಐತಿ ಶರೀಫಾ. ನೀನೂ ನಾನೂ ಒಬ್ಬಾಕಿ ಹೊಟ್ಟ್ಯಾಗ ಹುಟ್ಟೀವಿ."

ಶರೀಫಾ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ನೀರು ಬೇಕೇ ಎಂದೂ ಕೇಳಲಿಲ್ಲ. ನಾವು ಬಸ್ ನಿಲ್ದಾಣಕ್ಕೆ ನಡೆದೆವು. ಹೆರಿಗೆಯಾಯಿತು. ಆಸ್ಪತ್ರೆಯಲ್ಲಿ ಶರೀಫಾ ಏನೂ ಹೇಳಲಿಲ್ಲ. ಎಲ್ಲ ಕೂಸುಗಳಂತೆ ಆ ಕೂಸಿಗೂ ಲಸಿಕೆ ಹಾಕಿದರು.

ಎರಡು ತಿಂಗಳು ಕಳೆದಿರಬೇಕು. ಶರೀಫಾಳ ಗಂಡ ಫೋನು ಮಾಡಿದ. ಎಡಗಂಕುಳಲ್ಲಿ ಗಂಟು. ಓದುವವರು ಗಾಬರಿಪಡುವುದು ಬೇಡ, ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ: ಕೂಸು ಬದುಕಿದೆ. ರಕ್ತದ ಉತ್ತರ ನಾವು ಹೆದರಿದಂತೆಯೇ ಬಂತು. ಆದರೆ ಅದಕ್ಕೆ ಬೇಕಾದ ಔಷಧಿಯೂ ಇಂಜೆಕ್ಷನ್ನೂ ಮೊದಲ ಗಂಟಿಗೇ ಶುರುವಾದವು. ಮೊನ್ನೆ ಡಾಕ್ಟರ್ ನಂದಿನಿಯ ಕೋಣೆಯಲ್ಲಿ ಅದು ಮೇಜಿನ ಕಾಲು ಹಿಡಿದು ನಿಂತಿತ್ತು. ಆ ನಿಲುವನ್ನು ರಜಿಯಾ ಕಾಣಲಿಲ್ಲ.

ಆದರೆ ನಾನು ಬರೆದಿಡಬೇಕೆಂದದ್ದು ಫೋನು ಬಂದ ದಿನದ ಸಂಗತಿ. ಸುದ್ದಿ ತಿಳಿದ ಕೂಡಲೇ ಮಾಬಮ್ಮ ಹಚ್ಚೊಳ್ಳಿಯಿಂದ ಸಿಕ್ಕ ಟ್ರ್ಯಾಕ್ಟರ್ ಹತ್ತಿ, ಸಿರುಗುಪ್ಪದಲ್ಲಿ ಬಸ್ಸು ಹಿಡಿದು ಬಂದಳು. ನಾನೂ ಆಸ್ಪತ್ರೆಗೆ ಹೋದೆ. ಶರೀಫಾ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಅಕ್ಕನನ್ನು ಕಂಡವಳೇ ಬಿಕ್ಕಿದಳು. "ಆವತ್ತು ನಿನ್ನ ಹೊರಗ ನಿಲ್ಲಿಸಿ ಕಳಿಸಿದ್ನಲ್ಲಕ್ಕಾ..." ಅಷ್ಟರಲ್ಲಿ ಒಳಗಿಂದ ಹೆಸರು ಕೂಗಿದರು.

ಮಾಬಮ್ಮ ಬಾಗಿ ಕೂಸನ್ನು ಎತ್ತಿಕೊಂಡಳು.

"ಅಳೋದು ಆಮ್ಯಾಲ. ಅಂಗಿ ಗುಂಡಿ ಬಿಚ್ಚು, ಡಾಕ್ಟರಮ್ಮಗ ತೋಳು ಕಾಣಬೇಕು."